ಕಡಂಗದ ಜೊತೆ ನಡೆದು ಮಾಡಿದ ನಕ್ಷೆ

ನಮ್ಮ ತೋಟದ ಮೇಲಂಚಿನಲ್ಲಿ ಒಂದು ಕಂದಕ, ಅದಕ್ಕೆ ಒತ್ತಿಕೊಂಡೇ ಮಣ್ಣಿನ ದಿಬ್ಬ ಇದೆ. ಚಿಕ್ಕಂದಿನಿಂದ ಅದನ್ನು ಹತ್ತಿಳಿದೇ ಮೆಣಸು ಕೊಯ್ಯಲು ಹೋಗುತ್ತಿದ್ದೆವು. ಅದರ ಹೆಸರು ಕಡಂಗ ಅಂತ ಗೊತ್ತಿತ್ತು, ಅಷ್ಟೇ. ನಾಲ್ಕು ವರ್ಷದ ಹಿಂದೆ ಪಕ್ಕದ ತೋಟಕ್ಕೆ ರಸ್ತೆ ಮಾಡಲು ಜೆಸಿಬಿ ಬಂತು. ಒಂದೇ ಬೆಳಗ್ಗೆ ಸುಮಾರು 30 ಮೀಟರ್ ದಿಬ್ಬ ಮಾಯ. ಅದು ಏನು ಅಂತ ಆ ತೋಟದವರಿಗೂ ಗೊತ್ತಿರಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೊಡಗಿನ ಕಡಂಗಗಳು ಬೆಟ್ಟ, ಕಾಡು ದಾಟಿ ಮೈಲಿಗಟ್ಟಲೆ ಹೋಗುತ್ತವೆ. ವೈರಿಗಳನ್ನು ತಡೆಯಲು ತೋಡಿದ್ದು ಅಂತಲೂ, ನಾಡುಗಳ ಗಡಿ ಗುರುತಿಗೆ ಅಂತಲೂ ಹಿರಿಯರು ಹೇಳುತ್ತಾರೆ. ಅಷ್ಟು ಮಣ್ಣನ್ನು ಎತ್ತಿ ಹಾಕಿದ್ದು ಬರೀ ಕೈಗಳು ಅಲ್ವಾ!

ಉಳಿದದ್ದರ ನಕ್ಷೆಯನ್ನಾದರೂ ಮಾಡೋಣ ಅಂತ ಹೊರಟರೆ ಉಪಗ್ರಹದ ಚಿತ್ರದಲ್ಲಿ ಏನೂ ಕಾಣಲಿಲ್ಲ. ಕಾಫಿಯ ಮೇಲಿನ ನೆರಳಿನ ಮರಗಳು ಎಲ್ಲವನ್ನೂ ಮುಚ್ಚಿಬಿಡುತ್ತವೆ. ಹಾಗಾಗಿ ನಡೆದೇ ಮಾಡಬೇಕಾಯಿತು. ಮೊದಲ ಸಲ ಮೊಬೈಲ್ ಜಿಪಿಎಸ್ ನಂಬಿ ಹೋದೆ. ಮರದಡಿಯಲ್ಲಿ ಗೆರೆ ಅಡ್ಡಾದಿಡ್ಡಿ ಓಡಿತ್ತು, ಒಂದು ಕಡೆ ಕಡಂಗ ನಮ್ಮ ಕೆರೆಯೊಳಗೇ ಇಳಿದಿತ್ತು. ಆಮೇಲೆ ಬಯಲು ಸಿಕ್ಕಲ್ಲಿ ಮಾತ್ರ ಜಿಪಿಎಸ್ ಗುರುತು ಹಾಕಿಕೊಂಡು, ನಡುವಿನದನ್ನು ಟೇಪು, ದಿಕ್ಸೂಚಿ ಹಿಡಿದು ಅಳೆದೆ.

ಎತ್ತರ ಅಳೆಯಲು ಗಾರೆ ಕೆಲಸದವರ ಲೆವೆಲ್ ಪೈಪೇ ಸಾಕಾಯಿತು. ಕಂದಕದ ತಳದಲ್ಲಿ ನನ್ನ ತಮ್ಮ ಕೋಲು ಹಿಡಿದು ನಿಂತ, ನಾನು ದಿಬ್ಬದ ಮೇಲೆ. ಪೈಪಿನ ನೀರು ಅಲುಗಾಡುವುದು ನಿಲ್ಲುವವರೆಗೆ ಕಾಯಬೇಕು. ಅಷ್ಟರಲ್ಲಿ ಜಿಗಣೆ ಕಾಲು ಹತ್ತಿರುತ್ತದೆ. ಮೂರು ಹಂತದಲ್ಲಿ ಅಳೆದಾಗ ತಳದಿಂದ ತುದಿಗೆ 17 ಅಡಿ ಬಂತು. ತಳದಲ್ಲಿ ಕಬ್ಬಿಣದ ಸರಳು ಒತ್ತಿದರೆ ಎರಡು ಅಡಿ ಸಲೀಸಾಗಿ ಇಳಿಯಿತು, ಎಲ್ಲ ಕೊಳೆತ ಎಲೆ, ಹರಿದು ಬಂದ ಮಣ್ಣು. ಮೊದಲು ಇನ್ನೂ ಆಳವಿತ್ತು ಅಂತಾಯಿತು. ಅಗೆದು ಮಾತ್ರ ನೋಡಲಿಲ್ಲ, ಅಗೆಯಲೂಬಾರದು.

ಕಷ್ಟ ಆಗಿದ್ದು ಗುರುತಿಸುವುದರಲ್ಲಿ. ಆನೆ ಬಾರದಂತೆ ತೋಡಿದ ಆನೆ ಕಂದಕವನ್ನು, ಓಣಿಯನ್ನು ಕಡಂಗ ಅಂತ ಬರೆದುಕೊಂಡು, ಆಮೇಲೆ ಅಳಿಸಿದ್ದೇನೆ. ಆನೆ ಕಂದಕದ ಗೋಡೆ ಸಾಮಾನ್ಯವಾಗಿ ಕಡಿದಾಗಿ ಇರುತ್ತದೆ. ಓಣಿ ಜನ, ದನ ನಡೆದು ಸವೆದದ್ದು, ಎರಡೂ ಬದಿ ಒಂದೇ ಥರ. ಕಡಂಗದಲ್ಲಿ ದಿಬ್ಬ ಸಾಮಾನ್ಯವಾಗಿ ಒಂದೇ ಬದಿಗೆ. ಅಂಚೆಲ್ಲ ಮಳೆಗೆ ಉರುಟಾಗಿರುತ್ತದೆ, ಮೇಲೆ ಹಳೇ ಮರಗಳು ಬೇರು ಬಿಟ್ಟಿರುತ್ತವೆ.

ಒಂಬತ್ತು ತೋಟ ದಾಟಿದೆವು. ಪ್ರತಿ ಮನೆಯಲ್ಲೂ ಕೇಳಿಯೇ ಒಳಗೆ ಹೋದದ್ದು. ಒಂದು ಮನೆಯ ಅಜ್ಜ ಮೊದಲು, 'ಸರ್ವೆಯವರಾ?' ಅಂತ ಅನುಮಾನ ಪಟ್ಟರು. 'ಅಲ್ಲ ಅಜ್ಜ, ಕಡಂಗ ನೋಡಲು ಬಂದದ್ದು' ಅಂದ ಮೇಲೆ ಕತ್ತಿ ತಂದು ಲಂಟಾನ ಕಡಿದು ದಾರಿ ಮಾಡಿಕೊಟ್ಟರು. ನಕ್ಷೆಯ ಒಂದು ಪ್ರತಿ ಈಗ ಅವರ ಜಗಲಿಯ ಗೋಡೆಯಲ್ಲಿದೆ. ಜೆಸಿಬಿ ತೆಗೆದ 30 ಮೀಟರನ್ನು ಅದರಲ್ಲಿ ಚುಕ್ಕಿ ಗೆರೆಯಲ್ಲಿ ಹಾಕಿದ್ದೇನೆ. ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆ ಬದಿ ಇನ್ನೂ ಬಾಕಿ ಇದೆ. ಕಾಫಿ ಕೊಯ್ಲು ಮುಗಿಯಲಿ, ಫೆಬ್ರವರಿಯಲ್ಲಿ ಹೋಗುತ್ತೇವೆ.