ಜೈಗಾಂವ್ ಗಡಿ ದಾಟಿ ಭೂತಾನಿಗೆ: ನಾವು ಮಾಡಿಕೊಂಡ ಏರ್ಪಾಡು

ಭೂತಾನಿನ ಪಾರೊ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಕೋಲ್ಕತ್ತದಲ್ಲೋ ದೆಹಲಿಯಲ್ಲೋ ವಿಮಾನ ಬದಲಿಸಬೇಕು. ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡುವ ಕೆಲಸವೂ ಇರುತ್ತದೆ. ನಾವು ಆರಿಸಿಕೊಂಡದ್ದು ರಸ್ತೆ. ಪಶ್ಚಿಮ ಬಂಗಾಳದ ಬಾಗ್ಡೋಗ್ರಾವರೆಗೆ ನೇರ ವಿಮಾನ, ಅಲ್ಲಿಂದ ಗಡಿಯ ಈಚೆಗಿನ ಭಾರತದ ಊರಾದ ಜೈಗಾಂವ್‌ಗೆ ಸುಮಾರು 150 ಕಿ.ಮೀ. ಟ್ಯಾಕ್ಸಿ. ನಾಲ್ಕೈದು ತಾಸು ಹಿಡಿಯುತ್ತದೆ. ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಹಾಸಿಮಾರಾ.

ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಬೇಕು. ಅದಕ್ಕೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಬೇಕು. ಆಧಾರ್ ನಡೆಯುವುದಿಲ್ಲ, ಪ್ಯಾನ್ ಕೂಡ ಇಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರದ ಮೂಲ ಪ್ರತಿ ಇಟ್ಟುಕೊಳ್ಳಿ, ಜೊತೆಯಲ್ಲಿ ತಂದೆ ಅಥವಾ ತಾಯಿ ಇರಲಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಇನಿಷಿಯಲ್. ವೋಟರ್ ಐಡಿಯಲ್ಲಿ ಬರೀ ‘ಕೆ. ಎಸ್.’ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಬರೆದ ಊರು, ತಂದೆಯ ಹೆಸರು. ಯಾವುದಾದರೂ ಒಂದೇ ದಾಖಲೆ ಆರಿಸಿ, ಅರ್ಜಿ, ಹೋಟೆಲ್ ಬುಕಿಂಗ್, ಟಿಕೆಟ್ ಮೂರರಲ್ಲೂ ಅಕ್ಷರ ಬಿಡದೆ ಅದೇ ಹೆಸರು ಹಾಕಿ. ಅರ್ಜಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕುವುದೇ ವಾಸಿ: ಸ್ಕ್ಯಾನ್ ಮಸುಕಾಗಿ ವಾಪಸ್ ಬಂದರೂ ಮನೆಯಲ್ಲೇ ಕೂತು ಸರಿಪಡಿಸಬಹುದು.

ಖರ್ಚಿನ ಲೆಕ್ಕದಲ್ಲಿ ಮರೆಯಬಾರದ್ದು ಎಸ್‌ಡಿಎಫ್, ಅಂದರೆ ಭೂತಾನ್ ಪ್ರವಾಸಿಗರಿಂದ ಪಡೆಯುವ ‘ಸುಸ್ಥಿರ ಅಭಿವೃದ್ಧಿ ಶುಲ್ಕ’. ಭಾರತೀಯರಿಗೆ ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ, 6ರಿಂದ 12 ವರ್ಷದವರಿಗೆ ಅರ್ಧ. ಇಬ್ಬರು ದೊಡ್ಡವರು, 8 ವರ್ಷದ ಒಂದು ಮಗು, 5 ರಾತ್ರಿ ಎಂದರೆ 12,000 ಮತ್ತು 3,000, ಒಟ್ಟು 15,000. ಲೆಕ್ಕ ಹಿಡಿಯುವುದು ದಿನಕ್ಕಲ್ಲ, ರಾತ್ರಿಗೆ. ಹಾಗಾಗಿ ವಾಪಸಾಗುವ ದಿನ ಸಂಜೆಯೊಳಗೆ ಗಡಿ ದಾಟುವಂತೆ ಹೊರಟರೆ ಒಂದು ರಾತ್ರಿಯ ಹಣ ಉಳಿಯುತ್ತದೆ. ಭೂತಾನಿನ ಹಣವಾದ ನಗುಲ್ಟ್ರಮ್‌ಗೂ ರೂಪಾಯಿಗೂ ಬೆಲೆ ಒಂದೇ.

ಹಿಂದಿನ ರಾತ್ರಿ ಜೈಗಾಂವ್‌ನಲ್ಲೇ ಉಳಿದು, ಬೆಳಿಗ್ಗೆ ಆಚೆಯ ಫುಂಟ್‌ಶೋಲಿಂಗ್‌ನಲ್ಲಿ ಇಮಿಗ್ರೇಷನ್ ತೆರೆಯುವ ಹೊತ್ತಿಗೆ ಅಲ್ಲಿರಿ. ಭೂತಾನಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಕಚೇರಿ ಮುಚ್ಚಲು ಇನ್ನೂ ಹೊತ್ತಿದೆ ಎಂದು ಭಾರತದ ಗಂಟೆ ನಂಬಿ ಬಂದವರು ಬಾಗಿಲು ಹಾಕಿದ್ದನ್ನು ನೋಡಬೇಕಾಗುತ್ತದೆ. ಪಾಸ್‌ಪೋರ್ಟ್, ವೋಟರ್ ಐಡಿ ಎರಡೂ ಇಲ್ಲದವರು ಫುಂಟ್‌ಶೋಲಿಂಗ್‌ನ ಭಾರತೀಯ ಕಾನ್ಸುಲೇಟ್‌ನಿಂದ ಗುರುತು ಚೀಟಿ ಪಡೆಯಬಹುದು, ಆದರೆ ಅದಕ್ಕೆ ಕಚೇರಿಯ ಕೆಲಸದ ದಿನವೇ ಆಗಬೇಕು. ಅಂಥವರು ಶನಿವಾರ, ಭಾನುವಾರ ಗಡಿ ಮುಟ್ಟುವ ಯೋಜನೆ ಹಾಕಿಕೊಳ್ಳಬೇಡಿ.

ಅಲ್ಲಿಂದ ರಾಜಧಾನಿ ಥಿಂಫುವಿಗೆ 150 ಕಿ.ಮೀ.ಗೂ ಮಿಕ್ಕಿದ ಘಟ್ಟದ ದಾರಿ, ಐದು ತಾಸಾದರೂ ಬೇಕು. ದಾರಿಯಲ್ಲಿ ಸಿಗುವ ರಿಂಚೆಂಡಿಂಗ್ ಚೆಕ್‌ಪೋಸ್ಟ್‌ನಲ್ಲಿ ಪರ್ಮಿಟ್ ತೋರಿಸಬೇಕು. ಕಾಗದ ಸೂಟ್‌ಕೇಸಿನ ತಳದಲ್ಲಿರದೆ ಕೈಚೀಲದಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊರ್ಚೆನ್, ಕಾಮ್ಜಿ ಸುತ್ತ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ವಾಪಸ್ ವಿಮಾನವನ್ನು ಗಡಿ ದಾಟಿದ ಮರುದಿನಕ್ಕೆ ಬುಕ್ ಮಾಡಿ, ಅದೇ ದಿನಕ್ಕೆ ಬೇಡ.