ತೋಟೆಗೆ ತಕ್ಕ ಮದ್ದು: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಹೆಸರಿನ ಪರವಾನಗಿಯಲ್ಲಿ ಒಂದು ಕೇಪಿನ ಕೋವಿ ಇತ್ತು. ಅಜ್ಜ ಬಿದಿರಿನ ಸಣ್ಣ ಅಂಡೆಯಲ್ಲಿ ಕರಿಮದ್ದನ್ನು ಅಳೆದು ನಳಿಗೆಗೆ ಸುರಿದು, ಗಜ ಹಾಕಿ ಜಡಿದು ಈಡು ತುಂಬುವುದನ್ನು ನೋಡುತ್ತಲೇ ನಾನು ಬೆಳೆದೆ. ಅಂಡೆ ಒಂದಿಷ್ಟು ತುಳುಕಿದರೂ ಅವರು ಅದನ್ನು ದೊಡ್ಡದು ಮಾಡುತ್ತಿರಲಿಲ್ಲ, ಏಕೆಂದರೆ ಕರಿಮದ್ದಿನಲ್ಲಿ ಅಷ್ಟು ವ್ಯತ್ಯಾಸ ನಡೆಯುತ್ತದೆ. ಹನ್ನೊಂದು ವರ್ಷಗಳ ಹಿಂದೆ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ, ಇಲ್ಲಿನ ಕಾನೂನಿನಂತೆ ರೈಫಲ್ ಕೊಂಡು ನನ್ನ ತೋಟೆಗಳನ್ನು ನಾನೇ ತುಂಬಿಕೊಳ್ಳಲು ಹೊರಟಾಗ, ಬಾಲ್ಯದಿಂದ ಬಂದ ಈ ಅಳತೆಯ ಕಲ್ಪನೆಯನ್ನು ಮೊದಲು ಬಿಡಬೇಕಾಯಿತು. (ಭಾರತದಲ್ಲಿ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ಊರಿನ ಓದುಗರು ಇದನ್ನು ಮರೆಯಬಾರದು.)

ಇಂದಿನ ತೋಟೆಗಳಿಗೆ ಹಾಕುವ ಹೊಗೆಯಿಲ್ಲದ ಮದ್ದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ರೂಪಿಸಿದಾಗಿನಿಂದಲೂ ಅದರ ಮೂಲಗುಣ ಒಂದೇ: ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನಷ್ಟು ಏರುತ್ತದೆ. ಹೀಗಾಗಿ ಹತ್ತು ಪಾಲಿಗೆ ಒಂದು ಪಾಲು ಮದ್ದು ಹೆಚ್ಚಾದರೆ ಒತ್ತಡವೂ ಅಷ್ಟೇ ಹೆಚ್ಚೀತೆಂದು ಲೆಕ್ಕ ಹಾಕುವಂತಿಲ್ಲ. ಅದು ಅದನ್ನು ಮೀರಿ ಏರುತ್ತದೆ. ಅಂಡೆಯ ಅಳತೆ ಇಲ್ಲಿ ಸಲ್ಲದು. ಗ್ರೇನ್ ಲೆಕ್ಕದಲ್ಲಿ ತೂಗಲೇಬೇಕು. ಒಂದು ಪೌಂಡಿಗೆ 7,000 ಗ್ರೇನ್. ಪಿಸ್ತೂಲಿನ ತೋಟೆಯಲ್ಲಿ ಅರ್ಧ ಗ್ರೇನ್ ಹೆಚ್ಚಾದರೂ ಅದು ಗಂಭೀರ ತಪ್ಪೇ.

ಮದ್ದಿನ ಆಕಾರದಲ್ಲಿ ಮುಖ್ಯವಾಗಿ ಮೂರು ಬಗೆ. ರಾಗಿಯಂತೆ ಉರುಳುವ ಗುಂಡು ಕಾಳು, ಒಡೆದ ಜೀರಿಗೆಯಂತೆ ಕಾಣುವ ಕಡ್ಡಿ ಮದ್ದು, ಇಸ್ಪೇಟು ಹಾಳೆಯನ್ನು ಸೂಜಿಮೊನೆಯಷ್ಟಕ್ಕೆ ಕತ್ತರಿಸಿದಂತಿರುವ ಚಕ್ಕೆ. ಗುಂಡು ಕಾಳು ಅಳೆಯುವ ಯಂತ್ರದಲ್ಲಿ ನೀರಿನಂತೆ ಹರಿದು ಪ್ರತಿ ಸಲವೂ ಒಂದೇ ತೂಕ ಕೊಡುತ್ತದೆ. ಕಡ್ಡಿ ಮದ್ದು ಯಂತ್ರದ ಉರುಳೆಯಲ್ಲಿ ಸಿಕ್ಕಿ ಕರಕರ ಎಂದು ಕತ್ತರಿಸಿಕೊಳ್ಳುವುದರಿಂದ, ನಾನು ರೈಫಲಿನ ಪ್ರತಿಯೊಂದು ಈಡನ್ನೂ ತಕ್ಕಡಿಯಲ್ಲೇ ತೂಗುತ್ತೇನೆ. ಹೊಸಬರು ಸಾಮಾನ್ಯವಾಗಿ ಸುಲಭವಾಗಿ ಅಳೆಯಬಹುದಾದದ್ದನ್ನೇ ಆರಿಸುತ್ತಾರೆ, ನಾನೂ ಹಾಗೆಯೇ ಮಾಡಿದೆ. ಅದು ಆಯ್ಕೆಯ ಕೊನೆಯ ಮಾನದಂಡವಾಗಬೇಕೇ ಹೊರತು ಮೊದಲನೆಯದಲ್ಲ.

ಮೊದಲ ಎಡವಟ್ಟು .30-06 ಎಂಬ ಅಳತೆಯ ತೋಟೆ ಹಾರಿಸುವ ರೈಫಲಿನದು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಭಾರದ ಗುಂಡಿಗೆ ನಿಧಾನದ ಮದ್ದು ಬೇಕಿತ್ತು. ಮದ್ದು ತಯಾರಕರ ತೂಕದ ಕೈಪಿಡಿಯಲ್ಲಿ ಎಚ್ 4350 ಎಂಬ ಮದ್ದಿನ ಪುಟವನ್ನು ಗುರುತು ಹಾಕಿಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಅದು ಖಾಲಿಯಾಗಿತ್ತು. ಅಲ್ಲಿದ್ದವರು ಐಎಂಆರ್ 4350 ಡಬ್ಬಿಯನ್ನು ಕೊಟ್ಟು, ಅಂಕಿ ಒಂದೇ, ಮದ್ದೂ ಒಂದೇ ಎಂದರು. ನಾನು ನಂಬಿ ತಂದೆ. ಈ ಕೆಲಸವನ್ನು ನನಗೆ ಕಲಿಸಿದ ಪಕ್ಕದ ಮನೆಯ ಹಿರಿಯರು, ಸೈನ್ಯದಿಂದ ನಿವೃತ್ತರಾದವರು, ಡಬ್ಬಿಯನ್ನೂ ತೆರೆದ ಪುಟವನ್ನೂ ಒಟ್ಟಿಗೆ ನೋಡಿ ತಕ್ಕಡಿಯ ಮೇಲೆ ಕೈ ಇಟ್ಟರು. "ಅಂಕಿಯನ್ನಲ್ಲ, ಇಡೀ ಹೆಸರನ್ನು ಓದು" ಎಂದರು. ಐಎಂಆರ್ ಎಂಬುದು ಡುಪಾಂಟ್ ಕಂಪನಿಯ ಹಳೆಯ ಸೈನಿಕ ರೈಫಲ್ ಮದ್ದುಗಳ ಹೆಸರು. ಎಚ್ ಎಂದರೆ ಹಾಡ್ಜ್‌ಡನ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದುಹೋದ ಮದ್ದನ್ನು ಬ್ರೂಸ್ ಹಾಡ್ಜ್‌ಡನ್ ಕೊಂಡು ಮಾರತೊಡಗಿದಾಗ ಅದೇ ಅಂಕಿಗಳು ಎರಡೂ ಕಡೆ ಉಳಿದುಕೊಂಡವು. ಇಂದು ಎರಡು ಹೆಸರೂ ಒಂದೇ ಕಂಪನಿಯ ಕೈಯಲ್ಲಿದ್ದರೂ, ಮದ್ದುಗಳು ಬೇರೆ, ಉರಿಯುವ ವೇಗ ಬೇರೆ, ಕೈಪಿಡಿಯ ತೂಕವೂ ಬೇರೆ. ಇದಕ್ಕೆ ತದ್ವಿರುದ್ಧವಾಗಿ, ಎಚ್‌ಪಿ 38 ಮತ್ತು ವಿಂಚೆಸ್ಟರ್ 231 ಎಂಬ ಎರಡು ಡಬ್ಬಿಗಳಲ್ಲಿ ಇರುವುದು ಒಂದೇ ಮದ್ದು. ಹೆಸರು ನೋಡಿ ಊಹಿಸುವ ಕೆಲಸ ಇದಲ್ಲವೆನ್ನಲು ಇವೆರಡೇ ಸಾಕು. ಮದ್ದುಗಳನ್ನು ವೇಗದ ಕ್ರಮದಲ್ಲಿ ಜೋಡಿಸಿದ ಪಟ್ಟಿಗಳೂ ಹಾಗೆಯೇ. ಯಾವುದು ಯಾವುದರ ನೆರೆಯಲ್ಲಿದೆ ಎಂದು ತಿಳಿಯಲು ಅವು ಸಾಕು, ತೂಕ ನಿರ್ಧರಿಸಲು ಖಂಡಿತ ಸಲ್ಲವು.

ಅದಕ್ಕಿಂತ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು .38 ಸ್ಪೆಷಲ್ ಎಂಬ ರಿವಾಲ್ವರ್ ತೋಟೆ. ಇದು 19ನೆಯ ಶತಮಾನದ ಕೊನೆಯಲ್ಲಿ ಕರಿಮದ್ದಿಗೆಂದೇ ರೂಪುಗೊಂಡ ತೋಟೆಯಾದ್ದರಿಂದ ಅದರ ಕೇಸು, ಅಂದರೆ ಮದ್ದು ತುಂಬುವ ಹಿತ್ತಾಳೆಯ ಚಿಪ್ಪು, ಉದ್ದ, ಹೊಟ್ಟೆ ದೊಡ್ಡದು. ಅತಿ ವೇಗದ ಪಿಸ್ತೂಲು ಮದ್ದು ಹಾಕಿದರೆ ಈಡು ಕೇಸಿನ ತಳದಲ್ಲಿ ಒಂದು ಚಿಟಿಕೆಯಂತೆ ಕೂರುತ್ತದೆ, ಒಂದು ಪೌಂಡು ಮದ್ದಿನಲ್ಲಿ ಸಾವಿರಾರು ತೋಟೆಗಳಾಗುತ್ತವೆ. ಈ ಮಿತವ್ಯಯಕ್ಕೆ ನಾನು ಮಾರುಹೋಗಿದ್ದೆ. ಒಂದು ಸಂಜೆ ಐವತ್ತು ಕೇಸುಗಳ ಮರದ ಮಣೆಯನ್ನು ತುಂಬಿಸುತ್ತಿರುವಾಗ ಫೋನ್ ಬಂತು. ಮಾತು ಮುಗಿಸಿ ಬಂದು ಕೆಲಸ ಮುಂದುವರಿಸಿದೆ. ಗುಂಡು ಕೂರಿಸುವ ಮುನ್ನ, ರೂಢಿಯಂತೆ, ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ಸಾಲುಸಾಲಾಗಿ ಕೇಸುಗಳೊಳಗೆ ನೋಡುತ್ತ ಹೋದೆ. ಮೂರನೆಯ ಸಾಲಿನ ನಾಲ್ಕನೆಯ ಕೇಸಿನಲ್ಲಿ ಬೂದುಬಣ್ಣದ ಮದ್ದು ಉಳಿದವುಗಳಿಗಿಂತ ತುಸು ಮೇಲಿದ್ದಂತೆ ತೋರಿತು. ತಕ್ಕಡಿಗೆ ಸುರಿದರೆ ಸರಿಯಾಗಿ ಎರಡು ಪಟ್ಟು. ಫೋನ್ ಎತ್ತುವ ಮುನ್ನ ತುಂಬಿದ್ದ ಕೇಸನ್ನೇ ಮತ್ತೆ ಯಂತ್ರದ ಕೆಳಗಿಟ್ಟಿದ್ದೆ. ಈ ತೋಟೆಗೆ ಇಲ್ಲಿನ ಉದ್ಯಮದ ಮಾನದಂಡ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್ ಮಾತ್ರ. ಆ ಒಂದು ತೋಟೆ ರಿವಾಲ್ವರಿನ ಉರುಳೆಯನ್ನು ನನ್ನ ಕೈಯಲ್ಲೇ ಸಿಡಿಸಬಹುದಿತ್ತು.

ಅಂದು ರಾತ್ರಿ ಐವತ್ತೂ ಕೇಸುಗಳನ್ನು ಬರಿದು ಮಾಡಿದೆ. ಅಲ್ಲಿಂದ ಮುಂದೆ ಪಿಸ್ತೂಲಿನ ಮದ್ದನ್ನು ನಾನು ಆರಿಸುವ ಮೊದಲ ಪ್ರಶ್ನೆ ಬದಲಾಯಿತು: ನಾನು ತಪ್ಪು ಮಾಡಿದರೆ ಈ ಮದ್ದು ಅದನ್ನು ನನಗೆ ತೋರಿಸುತ್ತದೆಯೇ? ಯುನೀಕ್ ಎಂಬ ಹಳೆಯ ಚಕ್ಕೆ ಮದ್ದು ಉಬ್ಬಿಕೊಂಡಿರುತ್ತದೆ. ಯಂತ್ರದಲ್ಲಿ ಅಷ್ಟು ಸಲೀಸಾಗಿ ಇಳಿಯುವುದಿಲ್ಲ, ಹತ್ತನೇ ಒಂದು ಗ್ರೇನ್ ಅತ್ತಿತ್ತ ಆಗುತ್ತದೆ. ಆದರೆ .38ರಲ್ಲಿ ಎರಡು ಈಡು ಬಿದ್ದರೆ ಅದು ಮುಕ್ಕಾಲು ಕೇಸಿನವರೆಗೆ ಏರಿ ಕಣ್ಣಿಗೆ ರಾಚುತ್ತದೆ. ಆ ಚಿಕ್ಕ ಅನಿಶ್ಚಿತತೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ರೈಫಲಿನಲ್ಲಿ ಇದೇ ಪ್ರಶ್ನೆ ಬಿಸಿಲಿನ ರೂಪದಲ್ಲಿ ಬಂತು. ಗುರಿ ಅಭ್ಯಾಸದ .308 ರೈಫಲಿಗೆ ಜನವರಿಯಲ್ಲಿ ಗುಂಡು ಕಾಳಿನ ಮದ್ದೊಂದರಿಂದ ತೋಟೆ ಸಿದ್ಧಪಡಿಸಿದೆ. ಕೈಪಿಡಿಯ ಆರಂಭದ ತೂಕದಿಂದ ಸ್ವಲ್ಪಸ್ವಲ್ಪವೇ ಏರಿಸುತ್ತ, ವೇಗಮಾಪಕದಲ್ಲಿ ನೋಡುತ್ತ, ಸೆಕೆಂಡಿಗೆ 2,650 ಅಡಿಯ ಆಸುಪಾಸಿನಲ್ಲಿ ನಿಲ್ಲಿಸಿದೆ. ಗುರಿಹಲಗೆಯ ಮೇಲೆ ಗುಂಡುಗಳು ಒತ್ತೊತ್ತಾಗಿ ಬೀಳುತ್ತಿದ್ದವು. ಅದೇ ತೋಟೆಗಳನ್ನು ಜುಲೈ ತಿಂಗಳ ಮಧ್ಯಾಹ್ನ ಫೀನಿಕ್ಸಿನ ಹೊರವಲಯದ ಮೈದಾನಕ್ಕೆ ಒಯ್ದೆ. ಅಲ್ಲಿ ಬೇಸಿಗೆಯಲ್ಲಿ 43, 44 ಡಿಗ್ರಿ ಸಾಮಾನ್ಯ. ಐದನೆಯ ಈಡಿಗೆ ಬೋಲ್ಟಿನ ಹಿಡಿ ಬಿಗಿದುಕೊಂಡಿತು. ಹೊರತೆಗೆದ ಕೇಸಿನಲ್ಲಿ ಪ್ರೈಮರ್, ಅಂದರೆ ನಮ್ಮ ಕೇಪು, ಅಂಚು ಕಾಣದಷ್ಟು ಚಪ್ಪಟೆಯಾಗಿತ್ತು. ತಳದ ಹಿತ್ತಾಳೆಯ ಮೇಲೆ ಉಗುರಿನಿಂದ ಒತ್ತಿದಂತೆ ಹೊಳೆಯುವ ದುಂಡನೆಯ ಗುರುತೊಂದು ಮೂಡಿತ್ತು. ಮಾಪಕ 2,720 ತೋರಿಸಿತು. ಇವೆಲ್ಲ ಒತ್ತಡ ಮಿತಿಮೀರಿದ ಗುರುತುಗಳು. ತೂಕ ಬದಲಾಗಿರಲಿಲ್ಲ, ಮದ್ದು ಕಾದಿತ್ತು, ಅಷ್ಟೇ. ಉಳಿದವನ್ನು ಹಾರಿಸದೆ ಮನೆಗೆ ತಂದು ಬಿಚ್ಚಿದೆ.

ನವೆಂಬರಿನಲ್ಲಿ ಫ್ಲಾಗ್‌ಸ್ಟಾಫ್ ಕಡೆಯ ಕಾಡಿನಲ್ಲಿ ಮುಂಜಾವಿಗೆ ನೀರು ಹೆಪ್ಪುಗಟ್ಟುತ್ತದೆ. ಒಂದೇ ರಾಜ್ಯದಲ್ಲಿ ಇಷ್ಟು ಅಂತರವಿರುವಾಗ ನನಗೆ ಬೇಕಾದದ್ದು ಬಿಸಿ ಚಳಿಗಳೆರಡರಲ್ಲೂ ಒಂದೇ ರೀತಿ ವರ್ತಿಸುವ ಮದ್ದು. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಕಡ್ಡಿ ಮದ್ದುಗಳಾದ ವಾರ್ಗೆಟ್ ಮತ್ತು ಎಚ್ 4350 ಈ ಗುಣಕ್ಕೇ ಹೆಸರಾದವು. .308ಕ್ಕೆ ವಾರ್ಗೆಟ್, .30-06ಕ್ಕೆ ಎಚ್ 4350 ಎಂದು ನಿಶ್ಚಯಿಸಿದೆ. ಎರಡೂ ಆಯಾ ಕೇಸನ್ನು ಹೆಚ್ಚುಕಡಿಮೆ ಕುತ್ತಿಗೆಯವರೆಗೆ ತುಂಬುತ್ತವೆ. ಹಾಗಾಗಿ ಎರಡು ಈಡು ಬೀಳುವ ಪ್ರಶ್ನೆಯೇ ಇಲ್ಲ, ಬಿದ್ದರೆ ಮೇಜೆಲ್ಲ ಚೆಲ್ಲುತ್ತದೆ.

ಹಿರಿಯರ ಬಳಿ ಇದ್ದ ಗರಾಂಡ್ ಎಂಬ ಹಳೆಯ ಸೈನಿಕ ರೈಫಲ್ ಕೂಡ .30-06ದೇ, ಆದರೆ ನನ್ನ ತೋಟೆಗಳನ್ನು ಅವರು ಅದಕ್ಕೆ ಮುಟ್ಟಿಸುತ್ತಿರಲಿಲ್ಲ. ನಿಧಾನದ ಮದ್ದು ನಳಿಗೆಯ ತುದಿಯಲ್ಲಿ ಹೆಚ್ಚು ಒತ್ತಡ ಉಳಿಸುತ್ತದೆ. ಉರಿದ ಮದ್ದಿನ ಅನಿಲದಿಂದಲೇ ನಡೆಯುವ ಗರಾಂಡಿನ ಉದ್ದನೆಯ ಸರಳು ಅದರಿಂದ ಬಾಗಬಹುದು. ಅದಕ್ಕೆ 4895ರ ವರ್ಗದ ಮಧ್ಯಮ ವೇಗದ ಮದ್ದೇ ಸರಿ. .357 ಮ್ಯಾಗ್ನಮ್ಮಿಗೆ ಬಳಸುವ ಎಚ್ 110 ಇನ್ನೊಂದು ಅಪವಾದ: ಸುರಕ್ಷಿತವೆಂದು ತೂಕವನ್ನು ಬಹಳ ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ಅದರ ಕೈಪಿಡಿಯ ಕೆಳಮಿತಿಯೂ ಮೇಲ್ಮಿತಿಯಷ್ಟೇ ಕಟ್ಟುನಿಟ್ಟು. ನಾನಿಲ್ಲಿ ಯಾವುದೇ ಈಡಿನ ತೂಕವನ್ನು ಬೇಕೆಂದೇ ಬರೆದಿಲ್ಲ. ಅದನ್ನು ತಯಾರಕರ ಈಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಈಗ ನನ್ನ ಕಪಾಟಿನಲ್ಲಿ ನಾಲ್ಕೇ ಡಬ್ಬಿಗಳಿವೆ, ಎಲ್ಲವೂ ತಂದಾಗಿನ ಮೂಲ ಡಬ್ಬಿಗಳೇ, ಮುಚ್ಚಳದ ಮೇಲೆ ತೆರೆದ ದಿನಾಂಕ ಬರೆದಿದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಕಳೆದ ವರ್ಷ ಹಿರಿಯರು ತೀರಿಕೊಂಡಾಗ ಅವರ ಮಗಳು ಕೊಟ್ಟ ಪೆಟ್ಟಿಗೆಯಲ್ಲಿ ಗಾಜಿನ ಜಾಡಿಯೊಂದಿತ್ತು, ಚೀಟಿ ಉದುರಿಹೋಗಿತ್ತು. ತೆರೆದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು, ಮುಚ್ಚಳದ ಒಳಗೆ ತುಕ್ಕಿನಂಥ ಕೆಂಪು ಧೂಳು ಕೂತಿತ್ತು. ಮದ್ದು ಕೆಟ್ಟಿತೆಂಬುದಕ್ಕೆ ಇವೇ ಗುರುತು. ಅವರ ಕೈಬರಹದ ತೂಕದ ಪುಸ್ತಕವನ್ನು ನಾನು ಇಟ್ಟುಕೊಂಡೆ. ಜಾಡಿಯ ಮದ್ದನ್ನು, ಅಗ್ನಿಶಾಮಕ ದಳದವರನ್ನು ವಿಚಾರಿಸಿ, ಬಯಲಿನ ಬರಿ ನೆಲದ ಮೇಲೆ ತೆಳ್ಳಗೆ ಹರಡಿ ಸುಟ್ಟುಬಿಟ್ಟೆ.