ಸಿಗರೇಟು ಬಿಡೋದಾದ್ರೆ ಮೊದಲು ಟಪರಿ ಬಿಡಿ

ಸಿಗರೇಟು ಬಿಡಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಚಹಾ ಕುಡಿಯುವ ಜಾಗ ಬದಲಿಸಿ. ಮುಂಬೈಯಲ್ಲಿ ಸ್ಟೇಷನ್ ಹೊರಗಿನ ಟಪರಿಗೆ, ಅಂದರೆ ಚಹಾದ ಗೂಡಂಗಡಿಗೆ, ಹೋಗಿ ಕಟಿಂಗ್ (ಅರ್ಧ ಗ್ಲಾಸ್ ಚಹಾ) ಕೈಗೆ ಬಂತೋ, ಇನ್ನೊಂದು ಕೈ ತಾನಾಗಿಯೇ ಸಿಗರೇಟು ಹುಡುಕುತ್ತದೆ. ಮಹಾರಾಷ್ಟ್ರದಲ್ಲಿ ಪ್ಯಾಕೆಟ್ ಒಡೆದು ಬಿಡಿಬಿಡಿಯಾಗಿ ಸಿಗರೇಟು ಮಾರಬಾರದು ಅಂತ 2020ರಲ್ಲೇ ಆದೇಶ ಬಂದಿದೆ, ಆದರೂ ದಾರಕ್ಕೆ ಕಟ್ಟಿದ ಲೈಟರ್ ಅಲ್ಲೇ ನೇತಾಡುತ್ತಿರುತ್ತದೆ, ಅಲ್ವಾ? ಕೆಲವು ವಾರ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲ್ ಒಳಗೆ ಕೂತು ಕುಡಿಯಿರಿ.

ಚಹಾ, ಕಾಫಿ ಸ್ವಲ್ಪ ಕಡಿಮೆಯೂ ಮಾಡಿ. ಹೊಗೆ ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಅಷ್ಟೇ ಚಹಾದ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿದ್ದೆ ಬರಲ್ಲ, ಕೈ ನಡುಗುತ್ತದೆ, ಮನೆಯವರ ಮೇಲೆಲ್ಲ ಸಿಡುಕು. ಎಲ್ಲ ತಪ್ಪನ್ನೂ ಸಿಗರೇಟು ಬಿಟ್ಟದ್ದರ ತಲೆಗೆ ಕಟ್ಟಿ ಜನ ಮತ್ತೆ ಹಚ್ಚುತ್ತಾರೆ.

ಕೊನೆಯ ಸಿಗರೇಟು ಆರಿಸಿ 20 ನಿಮಿಷಕ್ಕೇ ಎದೆಬಡಿತ ಇಳಿಯತೊಡಗುತ್ತದೆ. ಒಂದೆರಡು ದಿನದಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಮಾಮೂಲಿಗೆ ಬರುತ್ತದೆ. ಆದರೆ ತಲೆ ಕೆಡುವುದೂ ಆಗಲೇ! ಮೊದಲ ಎರಡು-ಮೂರು ದಿನ ಸೇದುವ ಆಸೆ ಬಹಳ ಜೋರು. ಒಂದೊಂದು ಸಲದ್ದು ಕೆಲವೇ ನಿಮಿಷ, ಅಷ್ಟು ಹೊತ್ತು ದಾದರ್ ಬ್ರಿಜ್ ಒಮ್ಮೆ ಹತ್ತಿಳಿದು ಬನ್ನಿ.

ಸೇದುವ ಆಸೆ ತಗ್ಗಿಸಲು ಮೆಡಿಕಲ್‌ನಲ್ಲಿ 2 ಮಿ.ಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಸುಮ್ನೆ ಒಂದೇ ಸಮ ಅಗಿಯಬೇಡಿ, ಹೊಟ್ಟೆ ತೊಳಸುತ್ತದೆ. ಬಾಯಿ ಚುರುಚುರು ಅನ್ನುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಗಮ್ ಬಾಯಲ್ಲಿರುವಾಗ ಮತ್ತು ಅದಕ್ಕೂ 15 ನಿಮಿಷ ಮೊದಲು ಚಹಾ, ಕಾಫಿ, ನಿಂಬೆ ಶರಬತ್ತು ಬೇಡ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಜಾಸ್ತಿಯಾಗುತ್ತದೆ. ಶ್ವಾಸನಾಳದ ಒಳಗಿನ ಸಣ್ಣ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫ ಹೊರಗೆ ತಳ್ಳುತ್ತವೆ, ಅಷ್ಟೇ. 1ರಿಂದ 9 ತಿಂಗಳೊಳಗೆ ಕೆಮ್ಮು, ಏದುಸಿರು ಎರಡೂ ಇಳಿಯುತ್ತವೆ. ಕಫದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವರದ್ದಕ್ಕಿಂತ ಸುಮಾರು ಅರ್ಧಕ್ಕೆ ಬರುತ್ತದೆ, 10 ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಹಾಗೆಯೇ. "ದಿನಕ್ಕೆ ಒಂದೇ ಸೇದ್ತೀನಿ" ಅನ್ನುವವರಿಗೆ ಒಂದು ಮಾತು: ದಿನಕ್ಕೆ 20 ಸೇದುವವರ ಹೃದಯಕ್ಕೆ ಎಷ್ಟು ಹೆಚ್ಚುವರಿ ಅಪಾಯವೋ, ಅದರ ಸುಮಾರು ಅರ್ಧ ಆ ಒಂದರಿಂದಲೇ ಬರುತ್ತದೆ. ಸಿಗರೇಟು ಬಿಟ್ಟು ಗುಟ್ಕಾ, ಮಿಶ್ರಿ (ಹಲ್ಲಿಗೆ ಉಜ್ಜುವ ಹುರಿದ ತಂಬಾಕಿನ ಪುಡಿ) ಹಿಡಿಯುವುದಂತೂ ಬೇಡವೇ ಬೇಡ.

ಒಬ್ಬರೇ ಆಗಲ್ಲ ಅನ್ನಿಸಿದರೆ ತಂಬಾಕು ಬಿಡಲು ನೆರವಾಗುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ನಂಬರ್ ಪ್ಯಾಕೆಟ್ ಮೇಲೇ ಇರುತ್ತದೆ.